ಮೊದಲ ಪುಸ್ತಕಕ್ಕೆ ಅವಸರ ಬೇಡ

ಪ್ರಶ್ನೆ: ನನಗೆ 26 ವರ್ಷ. ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಅವ್ವ ಬೀಡಿ ಕಟ್ಟುತ್ತಾಳೆ. ಕಲಿತದ್ದು ಕನ್ನಡ ಶಾಲೆಯಲ್ಲಿ, ಓಣಿಯಲ್ಲಿ ಆಡುವುದು ಅರ್ಧ ಮರಾಠಿ. ಕಥೆ ಬರೆಯುವ ಹಂಬಲ ಬಹಳ. ಆದರೆ ಸಂಜೆ ಮನೆಗೆ ಬಂದ ಮೇಲೆ ಪೆನ್ನು ಹಿಡಿಯುವ ತ್ರಾಣ ಉಳಿದಿರುವುದಿಲ್ಲ. ಬರೆದದ್ದು ಪುಸ್ತಕದ ಕನ್ನಡದಂತಿಲ್ಲ ಎಂಬ ಅಳುಕು ಬೇರೆ. ಪತ್ರಿಕೆಗೆ ಕಳಿಸಿದ ಎರಡು ಕಥೆಗಳಿಗೆ ಉತ್ತರವೇ ಬಂದಿಲ್ಲ. ಈಗ ಪ್ರಕಾಶಕರೊಬ್ಬರು ದುಡ್ಡು ಕೊಟ್ಟರೆ ಪುಸ್ತಕ ಮಾಡಿಕೊಡುತ್ತೇವೆ ಅನ್ನುತ್ತಿದ್ದಾರೆ. ಉಳಿತಾಯದ ಹಣ ಕೊಡಲೇ?
– ಹೆಸರು ಬೇಡ, ನಿಪ್ಪಾಣಿ

ಉತ್ತರ: ಕೊಡಬೇಡಿ. ಹಣ ಹೋಗುವುದಷ್ಟೇ ನಷ್ಟವಲ್ಲ. ಹೊಸಬರಿಗೆಂದೇ ಇರುವ ಕೆಲವು ಅವಕಾಶಗಳು ಮೊದಲ ಪುಸ್ತಕಕ್ಕೆ ಮೀಸಲು. ಅವಸರದಲ್ಲಿ ಒಂದನ್ನು ಅಚ್ಚು ಹಾಕಿಸಿದರೆ ಆ ಬಾಗಿಲುಗಳನ್ನು ನೀವೇ ಮುಚ್ಚಿಕೊಂಡಂತೆ.

ನಿಮ್ಮ ಕನ್ನಡದ ಬಗ್ಗೆ ಅಳುಕು ಬಿಡಿ. ನಿಮ್ಮ ಸೀಮೆಯ ಶೇಡಬಾಳದಲ್ಲಿ 1918ರಲ್ಲಿ ಹುಟ್ಟಿದ ಮಿರ್ಜಿ ಅಣ್ಣಾರಾಯರು ಗಡಿನಾಡಿನ ಜೈನ ಒಕ್ಕಲು ಮನೆತನಗಳ ಬದುಕನ್ನು ಅಲ್ಲಿಯ ಆಡುಮಾತಿನಲ್ಲೇ ‘ನಿಸರ್ಗ’ ಕಾದಂಬರಿಗೆ ತಂದರು. ಕನ್ನಡದ ಒಳ್ಳೆಯ ಪ್ರಾದೇಶಿಕ ಕಾದಂಬರಿಗಳಲ್ಲಿ ಅದು ಇಂದಿಗೂ ಎಣಿಕೆಗೆ ಬರುತ್ತದೆ. ಅದನ್ನು ಹುಡುಕಿ ಓದಿ. ಪಾತ್ರಗಳು ನಿಮ್ಮ ಓಣಿಯವರಂತೆಯೇ ಮಾತಾಡಲಿ, ಮರಾಠಿ ಶಬ್ದ ಬಂದರೆ ಬರಲಿ. ಕಾಗುಣಿತ ಮಾತ್ರ ಶುದ್ಧವಾಗಿರಲಿ.

ಇನ್ನು ತ್ರಾಣದ ಮಾತು. ನಿಮ್ಮೂರಿನ ಮರಾಠಿ ಕಥೆಗಾರ ಮಹಾದೇವ ಮೋರೆ ಹಿಟ್ಟಿನ ಗಿರಣಿ ನಡೆಸುತ್ತಲೇ ಬೀಡಿ ಕಟ್ಟುವವರ, ಚಾಲಕರ ಬದುಕನ್ನು ಬರೆದರು. ದುಡಿಮೆ ಅವರ ಸಮಯ ತಿಂದಿತು ನಿಜ, ಆದರೆ ಬರೆಯಲು ಬೇಕಾದ ಮನುಷ್ಯರನ್ನು ತಂದುಕೊಟ್ಟದ್ದೂ ಅದೇ. ದಣಿದ ಸಂಜೆಯನ್ನು ಬಿಟ್ಟು ಬೆಳಿಗ್ಗೆ ಅರ್ಧ ಗಂಟೆ ಬರೆಯಿರಿ. ಕಥೆಯೇ ಆಗಬೇಕೆಂದಿಲ್ಲ, ಹಿಂದಿನ ದಿನ ಕಿವಿಗೆ ಬಿದ್ದ ಒಂದು ಮಾತು, ಕಂಡ ಒಂದು ಜಗಳ ಸಾಕು. ಅವ್ವನ ಹತ್ತಿರ ಕುಳಿತು ಕೇಳಿ. ಬೀಡಿಗೆ ಕೂಲಿ ಸಾವಿರದ ಲೆಕ್ಕದಲ್ಲಿ. ಸರಿಯಿಲ್ಲವೆಂದು ತೆಗೆದುಹಾಕಿದ ಬೀಡಿಗೆ ಕೂಲಿಯಿಲ್ಲ. ಆರಿಸುವವನ ಕೈ ಓಡುವಾಗ ಅವ್ವ ಏನು ನೋಡುತ್ತಾಳೆ, ಏನು ಅಂದುಕೊಳ್ಳುತ್ತಾಳೆ? 1981ರಲ್ಲಿ ನಿಮ್ಮ ಕಡೆಯ ತಂಬಾಕು ಬೆಳೆಗಾರರು ಹೆದ್ದಾರಿಯಲ್ಲೇ ಕುಳಿತು ಚಳವಳಿ ಮಾಡಿದಾಗ ಊರಿನ ಮನೆಗಳಲ್ಲಿ ಒಲೆ ಹೇಗೆ ಉರಿಯಿತು? ಅದನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಇಂಥದ್ದನ್ನು ಬೆಂಗಳೂರಿನಲ್ಲಿ ಕುಳಿತವರು ಬರೆಯಲಾರರು.

ಪ್ರಕಟಣೆಯ ದಾರಿಯಲ್ಲಿ ಒಂದೊಂದೇ ಹೆಜ್ಜೆ ಇಡಿ. ಮೊದಲು ಪತ್ರಿಕೆಗಳು: ಸುಧಾ, ಮಯೂರ, ತರಂಗ, ಹುಬ್ಬಳ್ಳಿಯ ಕಸ್ತೂರಿ. ಒಂದು ಕಥೆಯನ್ನು ಒಮ್ಮೆಗೆ ಒಂದೇ ಕಡೆ ಕಳಿಸಿ. ಮೂರು ತಿಂಗಳು ಉತ್ತರ ಬಾರದಿದ್ದರೆ ಮತ್ತೊಮ್ಮೆ ತಿದ್ದಿ ಬೇರೆಡೆ ಕಳಿಸಿ. ಸಂಪಾದಕರ ಮೇಜಿಗೆ ಬರುವ ಕಥೆಗಳ ರಾಶಿ ದೊಡ್ಡದು, ಮೌನವನ್ನು ತಿರಸ್ಕಾರ ಎಂದು ಓದಬೇಡಿ. ಪ್ರಜಾವಾಣಿಯ ದೀಪಾವಳಿ ಕಥಾ ಸ್ಪರ್ಧೆಗೂ ಬರೆಯಿರಿ. ಅನೇಕ ಕಥೆಗಾರರು ನಾಡಿಗೆ ಪರಿಚಯವಾದದ್ದು ಅಲ್ಲಿಂದಲೇ.

ಎಂಟು ಹತ್ತು ಒಳ್ಳೆಯ ಕಥೆಗಳಾದ ಮೇಲೆ ಪುಸ್ತಕದ ಯೋಚನೆ. ಲೇಖಕ ವಸುಧೇಂದ್ರ ಕಟ್ಟಿದ ಛಂದ ಪುಸ್ತಕ, ಇನ್ನೂ ಕಥಾಸಂಕಲನ ತರದವರಿಂದ ಹಸ್ತಪ್ರತಿ ಕರೆದು, ಆಯ್ಕೆಯಾದದ್ದನ್ನು ಬಹುಮಾನ ಕೊಟ್ಟು ಪ್ರಕಟಿಸುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ನೀಡುತ್ತದೆ. ಪ್ರಕಟಣೆ ಹೊರಬಿದ್ದಾಗ ವಯಸ್ಸಿನ ಮಿತಿ, ಕೊನೆಯ ದಿನಾಂಕ ನೋಡಿಕೊಂಡು ಅರ್ಜಿ ಹಾಕಿ.

ಆ ಎರಡು ಕಥೆಗಳನ್ನು ಈ ವಾರವೇ ಹೊರತೆಗೆಯಿರಿ. ಅವ್ವನಿಗೆ ಗಟ್ಟಿಯಾಗಿ ಓದಿ ಹೇಳಿ. ಅವಳು ‘ಹಿಂಗ ಯಾರೂ ಮಾತಾಡೂದಿಲ್ಲ’ ಅಂದ ಕಡೆಯಲ್ಲೆಲ್ಲ ತಿದ್ದಿ, ಮತ್ತೆ ಕಳಿಸಿ.