ಹೈಡ್ರಜೀನ್ ಮತ್ತು ಕವಚಧಾರಿಗಳು

ಯುದ್ಧವಿಮಾನವೆಂದೊಡನೆ ಸಾಮಾನ್ಯ ಓದುಗನ ಕಣ್ಣಮುಂದೆ ಬಂದು ನಿಲ್ಲುವವನು ವೈಮಾನಿಕ. ವಿಮಾನವನ್ನು ಹಾರಲು ಅಣಿಗೊಳಿಸುವ, ಇಳಿದ ಮೇಲೆ ಅದರ ಯೋಗಕ್ಷೇಮ ನೋಡಿಕೊಳ್ಳುವ ನೆಲದ ಸಿಬ್ಬಂದಿಯ ಸಂಗತಿ ಪಠ್ಯಪುಸ್ತಕಗಳಲ್ಲಿ ಕಾಣಸಿಗುವುದು ಅಪರೂಪ. ಆದರೆ ವೈಮಾನಿಕನ ಪ್ರಾಣರಕ್ಷಣೆಗೆಂದು ಇರಿಸಿದ ವಸ್ತುವೇ ನೆಲದವರ ಪ್ರಾಣಕ್ಕೆ ಎರವಾಗಬಲ್ಲ ಸನ್ನಿವೇಶವೊಂದುಂಟು. ಅಮೆರಿಕದ ಎಫ್-16 ವಿಮಾನದಲ್ಲಿರುವ ಹೈಡ್ರಜೀನ್ ಎಂಬ ದ್ರವ ಅಂತಹ ವಸ್ತು. ರಸಾಯನಶಾಸ್ತ್ರ ಬೋಧಿಸುವವರಿಗೆ ಅದರ ಕಥೆ ತುಂಬ ಉಪಯುಕ್ತವಾದದ್ದು.

1974ರಲ್ಲಿ ಮೊದಲು ಹಾರಿ 1979ರಲ್ಲಿ ಅಮೆರಿಕದ ವಾಯುಪಡೆಗೆ ಸೇರಿದ ಎಫ್-16ಕ್ಕೆ ಇರುವುದು ಒಂದೇ ಎಂಜಿನ್. ಚುರುಕಾಗಿ ತಿರುಗಲೆಂದು ಅದರ ಸಮತೋಲವನ್ನು ಬೇಕೆಂದೇ ಸಡಿಲವಾಗಿಡಲಾಗಿದೆ. ಅಂಗೈ ಮೇಲೆ ನೆಟ್ಟಗೆ ನಿಲ್ಲಿಸಿದ ಕೋಲನ್ನು ಕೈ ಕ್ಷಣಕ್ಷಣಕ್ಕೂ ಸರಿದೂಗಿಸುವಂತೆ, ಈ ವಿಮಾನವನ್ನು ಗಣಕಯಂತ್ರ ಸರಿದೂಗಿಸುತ್ತಿರಬೇಕು. ಅದರ ಆಜ್ಞೆ ವಿದ್ಯುತ್ ಸಂಕೇತವಾಗಿ ಹರಿದು, ಒತ್ತಡಕ್ಕೊಳಗಾದ ತೈಲದ ಬಲದಿಂದ ಬಾಲದ ಮತ್ತು ರೆಕ್ಕೆಯ ಫಲಕಗಳನ್ನು ಚಲಿಸುತ್ತದೆ. ವಿದ್ಯುತ್ತು, ಒತ್ತಡ ಎರಡಕ್ಕೂ ಎಂಜಿನ್ನೇ ಮೂಲ. ಅದು ನಿಂತರೆ ವಿಮಾನ ತೇಲಬಲ್ಲದಾದರೂ ವೈಮಾನಿಕನ ಮಾತು ಕೇಳಲಾರದು. ಆಗ ತನ್ನಷ್ಟಕ್ಕೆ ತಾನೇ ಕೆಲವೇ ಕ್ಷಣಗಳಲ್ಲಿ ಚಾಲನೆಗೊಳ್ಳುವ ಪುಟ್ಟ ಟರ್ಬೈನೊಂದನ್ನು ವಿಮಾನದಲ್ಲಿ ಅಳವಡಿಸಲಾಗಿದೆ. ಎಂಜಿನ್ನಿನಿಂದ ಬರುವ ಗಾಳಿ ಸಾಲದಾದಾಗ ಅದನ್ನು ತಿರುಗಿಸುವುದು ಸುಮಾರು 25 ಲೀಟರಿನಷ್ಟು ಹೈಡ್ರಜೀನ್ ಮಿಶ್ರಣ. ಅಷ್ಟರಿಂದ ದೊರೆಯುವ ಕಾಲ ಸುಮಾರು 10 ನಿಮಿಷ.

ಹೈಡ್ರಜೀನೇ ಏಕೆ ಎಂದು ಜಾಣ ವಿದ್ಯಾರ್ಥಿ ಕೇಳಿಯಾನು. ಸೀಮೆಎಣ್ಣೆಯ ಜಾತಿಯ ಇಂಧನಕ್ಕೆ ಉರಿಯಲು ಗಾಳಿ ಬೇಕು, ಕಿಡಿ ಬೇಕು. ಎತ್ತರದ ಆಕಾಶದಲ್ಲಿ ಗಾಳಿ ವಿರಳ. ಹೈಡ್ರಜೀನಿಗೆ ಎರಡೂ ಬೇಡ. ಇರಿಡಿಯಮ್ ಲೋಹವನ್ನು ಕ್ರಿಯಾವರ್ಧಕವಾಗಿ ಬಳಸಿದ ಕೋಶದೊಳಗೆ ಅದನ್ನು ಹರಿಸಿದೊಡನೆ ತಾನೇ ಒಡೆದು ಅಮೋನಿಯ, ಸಾರಜನಕ, ಜಲಜನಕಗಳಾಗಿ ಅಪಾರ ಶಾಖದೊಡನೆ ಹೊರನುಗ್ಗುತ್ತದೆ. ವಿಮಾನದಲ್ಲಿ ತುಂಬುವುದು 70 ಪಾಲು ಹೈಡ್ರಜೀನ್, 30 ಪಾಲು ನೀರು ಬೆರೆತ ದ್ರವ. ಶುದ್ಧ ಹೈಡ್ರಜೀನ್ 2 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿಯೇ ಗಡ್ಡೆಕಟ್ಟುತ್ತದೆ. ನೀರು ಬೆರೆತಾಗ ಶೂನ್ಯಕ್ಕಿಂತ ಸುಮಾರು 50 ಡಿಗ್ರಿ ಕೆಳಗಿನವರೆಗೂ ದ್ರವವಾಗಿಯೇ ಉಳಿಯುತ್ತದೆ. ಬೆಂಕಿಯ ಭಯವೂ ತಗ್ಗುತ್ತದೆ.

1887ರಲ್ಲಿ ಜರ್ಮನಿಯ ಥಿಯೊಡೋರ್ ಕುರ್ಟಿಯಸ್ ತಯಾರಿಸಿದ ಈ ಸಂಯುಕ್ತದ ಅಣುವಿನಲ್ಲಿ ಎರಡು ಸಾರಜನಕ, ನಾಲ್ಕು ಜಲಜನಕ ಪರಮಾಣುಗಳಿವೆ. ಅಮೋನಿಯದ ಮನೆತನಕ್ಕೆ ಸೇರಿದ್ದು. ಆ ಹೋಲಿಕೆ ವಾಸನೆಯಲ್ಲಿಯೂ ಉಂಟು. ಅಪಾಯದ ತಿರುಳು ಇರುವುದು ಇಲ್ಲಿಯೇ. ಮನುಷ್ಯನ ಮೂಗಿಗೆ ಹೈಡ್ರಜೀನಿನ ವಾಸನೆ ತಿಳಿಯಬೇಕಾದರೆ ಗಾಳಿಯ ದಶಲಕ್ಷ ಪಾಲಿನಲ್ಲಿ ಅದು 3ರಿಂದ 4 ಪಾಲಾದರೂ ಇರಬೇಕು. ಅಮೆರಿಕದ ಕಾನೂನು ಕೆಲಸಗಾರರಿಗೆ ವಿಧಿಸಿದ ಮಿತಿ 1 ಪಾಲು. ಅಲ್ಲಿನ ಔದ್ಯೋಗಿಕ ಆರೋಗ್ಯ ತಜ್ಞರು ತರುವಾಯ ಶಿಫಾರಸು ಮಾಡಿದ್ದು ಅದರ ನೂರನೆಯ ಒಂದು ಪಾಲನ್ನು ಮಾತ್ರ. ವಾಸನೆ ಬಂತೆಂದರೆ ಮಿತಿ ಆಗಲೇ ಮೀರಿತೆಂದೇ ಅರ್ಥ. ಕಣ್ಣು, ಚರ್ಮಗಳನ್ನು ಸುಡುವ ಈ ದ್ರವ ಚರ್ಮದ ಮೂಲಕವೂ ದೇಹವನ್ನು ಹೊಕ್ಕು ಯಕೃತ್ತು, ಮೂತ್ರಪಿಂಡ, ನರಮಂಡಲಗಳನ್ನು ಕೆಡಿಸುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು ಇದನ್ನು ಮಾನವರಲ್ಲಿ ಬಹುಶಃ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದ್ದು 2016ರಲ್ಲಿ. ಎಫ್-16 ಸೇವೆಗೆ ಬಂದು ಅಷ್ಟರಲ್ಲಿ 37 ವರ್ಷಗಳಾಗಿದ್ದವು. ಜ್ಞಾನ ಬರುವ ಮುನ್ನ ಕೆಲಸ ಮಾಡಿ ಮುಗಿಸಿದವರಿಗೆ ಆ ತಿಳಿವಳಿಕೆಯಿಂದ ಆದ ಪ್ರಯೋಜನ ಅಲ್ಪ.

ಹೈಡ್ರಜೀನಿಗೂ ಸೇನಾ ವಿಮಾನಕ್ಕೂ ನಂಟು ಬೆಳೆದದ್ದು ಎಫ್-16ಕ್ಕಿಂತ ಬಹಳ ಹಿಂದೆ. 1944ರಲ್ಲಿ ಯುದ್ಧಕ್ಕಿಳಿದ ಜರ್ಮನಿಯ ಮೆಸ್ಸರ್‌ಶ್ಮಿಟ್ 163 ‘ಕೋಮೆಟ್’ ರಾಕೆಟ್ ವಿಮಾನದಲ್ಲಿ ಎರಡು ದ್ರವಗಳನ್ನು ತುಂಬುತ್ತಿದ್ದರು. ಒಂದು ಪ್ರಬಲ ಹೈಡ್ರೋಜನ್ ಪೆರಾಕ್ಸೈಡ್. ಇನ್ನೊಂದರಲ್ಲಿ ಮೀಥೈಲ್ ಆಲ್ಕೋಹಾಲ್ ಮತ್ತು ಹೈಡ್ರಜೀನ್ ಹೈಡ್ರೇಟ್. ಪರಸ್ಪರ ಸೋಕಿದೊಡನೆ ಹೊತ್ತಿಕೊಳ್ಳುವ ದ್ರವಗಳಾದುದರಿಂದ ಎರಡರ ಟ್ಯಾಂಕರುಗಳೂ ಒಮ್ಮೆಗೇ ವಿಮಾನದ ಬಳಿ ಬರಕೂಡದೆಂಬ ಕಟ್ಟಳೆಯಿತ್ತು. ಚೆಲ್ಲಿದ್ದನ್ನು ಧಾರಾಳ ನೀರಿನಿಂದ ತೊಳೆಯುತ್ತಿದ್ದರು. ಪೆರಾಕ್ಸೈಡ್ ತಗುಲಿದರೆ ಹತ್ತಿ, ಚರ್ಮದ ಉಡುಪುಗಳೂ ಉರಿಯುವುದರಿಂದ ಕೃತಕ ನೂಲಿನ ವಿಶೇಷ ಉಡುಪನ್ನು ಹೊಲಿಸಬೇಕಾಯಿತು. ಅದೇ ಪೆರಾಕ್ಸೈಡಿನ ಎರಡು ತೊಟ್ಟಿಗಳು ವೈಮಾನಿಕನ ಆಸನದ ಇಕ್ಕೆಲಗಳಲ್ಲಿದ್ದವು ಎಂಬುದನ್ನು ನೆನೆದರೆ ಆ ಉಡುಪು ಎಷ್ಟರಮಟ್ಟಿನ ಆಸರೆಯೆಂಬ ಸಂಶಯ ಬಾರದಿರದು.

ಎಫ್-16ರ ಕಾಲಕ್ಕೆ ಕಟ್ಟಳೆಗಳು ಇನ್ನಷ್ಟು ಬಿಗಿಯಾದವು. ತುರ್ತು ಟರ್ಬೈನ್ ಚಾಲನೆಗೊಂಡ ವಿಮಾನ ಇಳಿದೊಡನೆ ಅದನ್ನು ಇತರ ವಿಮಾನಗಳಿಂದ ದೂರ ನಿಲ್ಲಿಸುತ್ತಾರೆ. ವೈಮಾನಿಕ ಮುಖವಾಡ ತೆಗೆಯದೆ ಶುದ್ಧ ಆಮ್ಲಜನಕವನ್ನೇ ಉಸಿರಾಡುತ್ತಿರುತ್ತಾನೆ. ಸೋರಿಕೆ ಇಲ್ಲವೆಂದು ಪರೀಕ್ಷೆಯಿಂದ ಖಚಿತವಾಗುವವರೆಗೆ ಸೋರಿಕೆ ಇದೆಯೆಂದೇ ಭಾವಿಸಬೇಕು. ತರಬೇತಾದವರು ಗಾಳಿ ಬೀಸಿ ಬರುವ ದಿಕ್ಕಿನಿಂದಲೇ, ಒಬ್ಬರಿಗೊಬ್ಬರು ಜೊತೆಯಾಗಿ ವಿಮಾನವನ್ನು ಸಮೀಪಿಸುತ್ತಾರೆ. ಮೈಮೇಲೆ ಇಡೀ ದೇಹ ಮುಚ್ಚುವ ಉಡುಪು. ಕೈಕಾಲುಗಳಿಗೆ ಹೈಡ್ರಜೀನ್ ಸುಲಭವಾಗಿ ತೂರಲಾರದ ಬ್ಯೂಟೈಲ್ ರಬ್ಬರಿನ ಕೈಚೀಲ, ಬೂಟುಗಳು. ಉಸಿರಾಟಕ್ಕೆ ಹೊರಗಿನ ಕೊಳವೆಯಿಂದಲೋ ಬೆನ್ನ ಮೇಲಿನ ಸಿಲಿಂಡರಿನಿಂದಲೋ ಬರುವ ಗಾಳಿ.

ವಿಷವನ್ನು ಹೊರಗಿಡುವ ಉಡುಪು ಮೈಯ ಶಾಖವನ್ನು ಒಳಗೇ ಹಿಡಿದಿಡುತ್ತದೆ. ಬೆವರು ಆವಿಯಾಗಿ ಮೈ ತಣ್ಣಗಾಗುವ ತತ್ತ್ವವನ್ನು ಮಣ್ಣಿನ ಹೂಜಿಯ ಉದಾಹರಣೆಯಿಂದ ಕಲಿಸುವುದುಂಟು. ಈ ಉಡುಪಿನೊಳಗೆ ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲ. ಅದು ಮೆರುಗೆಣ್ಣೆ ಬಳಿದ ಹೂಜಿಯಂತೆ. ಬಿಸಿಲಿನಲ್ಲಿ ಕಾದ ಕಾಂಕ್ರೀಟ್ ನೆಲದ ಮೇಲೆ ದಪ್ಪ ಕೈಚೀಲ ತೊಟ್ಟು ಸಣ್ಣ ಕೊಂಡಿಗಳನ್ನು ಬಿಚ್ಚಿ ತೊಟ್ಟಿಯನ್ನು ಇಳಿಸುವವನಿಗೆ ಅವಸರ ಸಹಜ; ಅವಸರದಿಂದಲೇ ತಪ್ಪೂ ಆಗುತ್ತದೆ. ಆದುದರಿಂದಲೇ ಒಬ್ಬನೇ ಹೋಗಕೂಡದೆಂಬ, ಇಂತಿಷ್ಟೇ ಹೊತ್ತು ದುಡಿದು ಹೊರಬರಬೇಕೆಂಬ ನಿಯಮಗಳು.

ಚೆಲ್ಲಿದ ಹೈಡ್ರಜೀನನ್ನು ಬಟ್ಟೆಯಿಂದ ಒರೆಸಿ ಮೂಲೆಗೆಸೆಯುವಂತಿಲ್ಲ. ಬಟ್ಟೆಯಲ್ಲಿ ಹರಡಿದ ದ್ರವ ಗಾಳಿಯ ಆಮ್ಲಜನಕದೊಡನೆ ವರ್ತಿಸಿ ತಾನೇ ಹೊತ್ತಿಕೊಳ್ಳಬಲ್ಲದು. ಮೊದಲು ಯಥೇಚ್ಛ ನೀರು ಬೆರೆಸಿ ತೆಳುಗೊಳಿಸಬೇಕು. ಬಳಿಕ ಬಟ್ಟೆ ಬಿಳುಪುಗೊಳಿಸಲು ಬಳಸುವ ಸೋಡಿಯಮ್ ಹೈಪೋಕ್ಲೋರೈಟ್ ದ್ರಾವಣ ಸೇರಿಸಿದರೆ ಸಾರಜನಕ ಅನಿಲ, ಅಡಿಗೆಯ ಉಪ್ಪು ಮತ್ತು ನೀರು ಉಳಿಯುತ್ತವೆ. ಕ್ರಮ ತಪ್ಪಿ ಸಾಂದ್ರ ದ್ರವಕ್ಕೇ ಅದನ್ನು ಸುರಿದರೆ ಕ್ರಿಯೆ ಉಗ್ರವಾದೀತು. ಸಮೀಕರಣವೊಂದನ್ನು ಕರಿಹಲಗೆಯ ಮೇಲೆ ಸರಿದೂಗಿಸಿದ ಮಾತ್ರಕ್ಕೆ ಈ ವ್ಯತ್ಯಾಸ ವಿದ್ಯಾರ್ಥಿಗೆ ಹೊಳೆಯುವುದಿಲ್ಲ. ಅಧ್ಯಾಪಕರು ಬಾಯಿಬಿಟ್ಟು ಹೇಳಬೇಕು.

ಬೆಂಗಳೂರಿನಲ್ಲಿ ರೂಪುಗೊಳ್ಳುವ ಭಾರತದ ಅನೇಕ ಉಪಗ್ರಹಗಳೂ ಹೈಡ್ರಜೀನನ್ನೋ ಅದರ ಬಂಧುವಾದ ಮಾನೋಮೀಥೈಲ್ ಹೈಡ್ರಜೀನನ್ನೋ ಅವಲಂಬಿಸಿವೆ. ಶ್ರೀಹರಿಕೋಟೆಯಲ್ಲಿ ಇಂಧನ ತುಂಬುವವರದೂ ಇಂತಹುದೇ ಕವಚ. ಅಮೆರಿಕದ ಹೊಸ ಯುದ್ಧವಿಮಾನವಾದ ಎಫ್-35ರಲ್ಲಿ ತುರ್ತು ಶಕ್ತಿಗೆ ಹೈಡ್ರಜೀನ್ ಬಳಸುವುದಿಲ್ಲ. ಎಫ್-16 ಮಾತ್ರ ಇಂದಿಗೂ ಹಲವು ದೇಶಗಳಲ್ಲಿ ಹಾರುತ್ತಿದೆ. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಹೊಸತಾಗಿ ತಯಾರಾಗುತ್ತಲೂ ಇದೆ.