ಬಿದಿರು ಕಲಿಸಿದ ಪಾಠ, ಗುಮಟೆ ಕೇಳಿಸಿದ ಮಾತು

ಬೊಹೋಲ್ ಫಿಲಿಪ್ಪೀನ್ಸಿನ ಒಂದು ದ್ವೀಪ. ಮೇ ತಿಂಗಳಿಡೀ ಅಲ್ಲಿ ಊರೂರಲ್ಲೂ ಹಬ್ಬ. ಕುವೈತಿನಲ್ಲಿ ನನ್ನ ಜೊತೆ ದುಡಿಯುತ್ತಿದ್ದ ಗೆಳೆಯ ಒಂದು ವರ್ಷ ತನ್ನೂರ ಹಬ್ಬಕ್ಕೆ ಕರೆದೊಯ್ದಿದ್ದ. ಊಟ ಮುಗಿದ ಮೇಲೆ ಅಂಗಳಕ್ಕೆ ಎರಡು ಉದ್ದನೆಯ ಬಿದಿರು ಬಂದವು. ಎರಡೂ ತುದಿಯಲ್ಲಿ ಒಬ್ಬೊಬ್ಬರು ಕುಳಿತು ಅವನ್ನು ಎರಡು ಸಲ ನೆಲಕ್ಕೆ ಬಡಿಯುವುದು, ಒಂದು ಸಲ ಒಂದಕ್ಕೊಂದು ತಾಗಿಸುವುದು. ನಡುವೆ ಬರಿಗಾಲಿನ ಜೋಡಿಯೊಂದು ಹಕ್ಕಿಯಂತೆ ಹಾರುತ್ತಿತ್ತು. ಅದು ಟಿನಿಕ್ಲಿಂಗ್. ಗದ್ದೆಯಲ್ಲಿ ಓಡಾಡುವ ಟಿಕ್ಲಿಂಗ್ ಹಕ್ಕಿಯಿಂದ ಬಂದ ಹೆಸರು.

ನನ್ನನ್ನೂ ಎಳೆದರು. ಮೂರನೇ ಹೆಜ್ಜೆಗೇ ಬಿದಿರು ಕಾಲಿನ ಗಂಟಿಗೆ ಬಡಿಯಿತು. ಗೆಳೆಯನ ಅತ್ತೆ ಹತ್ತಿರ ಬಂದು, “ಬಿದಿರನ್ನು ನೋಡುತ್ತೀಯಲ್ಲ, ಅದಕ್ಕೇ ಪೆಟ್ಟು. ನೋಡಬೇಡ, ಕೇಳು” ಎಂದರು. ಕೇಳಿದೆ. ಕಾಲು ತಾನಾಗಿ ಎದ್ದಿತು.

ಈ ಕುಣಿತವನ್ನು ಅಲ್ಲಿ ಶಾಲೆಯ ಮಕ್ಕಳೂ ಬಲ್ಲರು. ಅದರ ಹಿಂದೆ ಫ್ರಾನ್ಸಿಸ್ಕಾ ರೇಯೆಸ್ ಅಕಿನೊ ಎಂಬ ಶಿಕ್ಷಕಿಯ ದುಡಿಮೆ ಇದೆ. 1920ರ ದಶಕದಿಂದಲೇ ಹಳ್ಳಿ ಹಳ್ಳಿ ಸುತ್ತಿ ಕುಣಿತಗಳನ್ನು ಬರೆದಿಟ್ಟವರು ಅವರು. 1962ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇದನ್ನು ಕೇಳುವಾಗ ನನಗೆ ನೆನಪಾದವರು ಕು. ಶಿ. ಹರಿದಾಸ ಭಟ್ಟರು. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ಕಟ್ಟಿದವರು. ನಾನು ಹುಟ್ಟಿದ ಸಂತೆಕಟ್ಟೆಗೆ ಆ ಕಾಲೇಜು ಎಷ್ಟು ಹತ್ತಿರ! ಆದರೂ ಒಂದು ದಿನವೂ ಒಳಗೆ ಕಾಲಿಟ್ಟವನಲ್ಲ.

ಮರುವರ್ಷ ರಜೆಯಲ್ಲಿ ಊರಿಗೆ ಬಂದಾಗ ಹೋಳಿ ಹತ್ತಿರವಿತ್ತು. ಬಾರ್ಕೂರಿನ ಸ್ನೇಹಿತ ಫೋನ್ ಮಾಡಿ, “ರಾತ್ರಿ ನಮ್ಮಲ್ಲಿಗೆ ಕುಡುಬಿ ಸಮುದಾಯದವರು ಹೋಳಿ ಕುಣಿಯಲು ಬರುತ್ತಾರೆ, ಬಾ” ಎಂದ. ಸುವರ್ಣಾ ನದಿಯ ಸೇತುವೆ ದಾಟಿ ಬ್ರಹ್ಮಾವರದ ಮೇಲೆ ಹೋದರೆ ಅರ್ಧ ಗಂಟೆಯ ದಾರಿ. ಬಿಳಿ ನಿಲುವಂಗಿ, ಮುಂಡಾಸಿನ ತುಂಬ ಅಬ್ಬಲಿಗೆ ಹೂ, ಮೇಲೆ ಹಕ್ಕಿಯ ಗರಿ, ಕೈಯಲ್ಲಿ ಗುಮಟೆ. ಮನೆಯವರು ಅಂಗಳದಲ್ಲಿ ದೀಪ ಹಚ್ಚಿ, ಅಕ್ಕಿ, ತೆಂಗಿನಕಾಯಿ, ವೀಳ್ಯ ಇಟ್ಟಿದ್ದರು. ಗಂಡಸರು ಸುತ್ತು ಕಟ್ಟಿ ಕುಣಿಯತೊಡಗಿದರು.

ನಾನು ಮಾತ್ರ ಫೋನಿನಲ್ಲೇ ಮುಳುಗಿದ್ದೆ. ಒಂದು ಸುತ್ತು ಸರಿಯಾಗಿ ಸೆರೆಯಾಗಲಿಲ್ಲವೆಂದು, “ಇನ್ನೊಮ್ಮೆ ಕುಣಿಯುತ್ತೀರಾ?” ಎಂದು ಕೇಳಿಯೂ ಬಿಟ್ಟೆ. ಹಿರಿಯರೊಬ್ಬರು ಸಿಟ್ಟಾಗಲಿಲ್ಲ. “ಪಕ್ಕದ ಮನೆಯರ್ ದೀಪ ಹಚ್ಚಿ ಕೂಕಂಡಿದ್ರ್. ಫೋನ್ ಕಿಸೆಗ್ ಹಾಕಿ, ಪದ ಕೇಣಿ” ಎಂದರು.

ಬೊಹೋಲಿನ ಅತ್ತೆ ಹೇಳಿದ ಅದೇ ಮಾತು. ಫೋನನ್ನು ಕಿಸೆಗೆ ಹಾಕಿದೆ.

ಆಮೇಲೆ ಕೇಳಿಸಿತು. ಹಾಡು ಕೊಂಕಣಿಯಲ್ಲಿತ್ತು! ನಮ್ಮ ಮನೆಯ ಕೊಂಕಣಿಯಲ್ಲ, ಅದರ ದಾಯಾದಿ. ಐದು ಮಾತಿನಲ್ಲಿ ಎರಡು ನನಗೆ ತಿಳಿಯುತ್ತಿತ್ತು. ಗೋವಾದಿಂದ ವಲಸೆ ಬಂದ ನೆನಪು ಅವರಿಗೂ ಇದೆ, ಸಂತೆಕಟ್ಟೆ–ಕಲ್ಯಾಣಪುರದ ಕ್ರೈಸ್ತರಾದ ನಮಗೂ ಇದೆ. ಗುಮಟೆಯಂತೂ ನಮ್ಮ ಮದುವೆಯ ರೋಸ್ ಶಾಸ್ತ್ರದಲ್ಲಿ ಅಜ್ಜಿಯ ಕಾಲದವರು ಬಾರಿಸುತ್ತಿದ್ದ ಗುಮಟ್. ಮಣ್ಣಿನ ಮಡಕೆಯ ಬಾಯಿಗೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯ ನಂತರ ಅದಕ್ಕೆ ಅವಕಾಶವಿಲ್ಲ, ಈಗ ಆಡಿನ ಚರ್ಮ. ಗೋವಾ 2019ರಲ್ಲಿ ಇದನ್ನು ತನ್ನ ಪರಂಪರೆಯ ವಾದ್ಯವೆಂದು ಘೋಷಿಸಿತು. ನಮ್ಮ ಮನೆಯಲ್ಲಿ ಅದರ ಸದ್ದು ನಿಂತೇ ಹೋಗಿತ್ತು.

ಆ ರಾತ್ರಿ ನಾನು ಕಲಿತದ್ದು ಇಷ್ಟು. ಈ ಕುಣಿತಕ್ಕೆ ತನ್ನದೇ ದಿನವಿದೆ, ತನ್ನದೇ ದಾರಿಯಿದೆ. ಪ್ರವಾಸಿ ಬಂದನೆಂದು ಅದು ಮತ್ತೊಮ್ಮೆ ನಡೆಯುವುದಿಲ್ಲ. ಅಂಗಳದಲ್ಲಿ ನಿಂತವನು ಬರೀ ಪ್ರೇಕ್ಷಕನಲ್ಲ, ದೀಪ ಹಚ್ಚಿದ ಮನೆಯವರ ಜೊತೆಗಾರ. ಚಿತ್ರ ಬೇಕಿದ್ದರೆ ಮೊದಲು ತಂಡದ ಹಿರಿಯರಾದ ಗುರಿಕಾರರನ್ನು ಕೇಳಬೇಕು, ಪದ ಮುಗಿಯುವವರೆಗೆ ಕಾಯಬೇಕು. ಎಲ್ಲಕ್ಕಿಂತ ಮೊದಲು ಕಿವಿಗೊಡಬೇಕು.

ಮುಂದಿನ ಹೋಳಿಗೆ ಅಮ್ಮನನ್ನೂ ಕರೆದುಕೊಂಡು ಹೋದೆ. ನನಗೆ ತಿಳಿಯದೆ ಉಳಿದ ಮಾತುಗಳಲ್ಲಿ ಹಲವನ್ನು ಅವಳು ಬಿಡಿಸಿ ಹೇಳಿದಳು. ಮೂರನೇ ಪದದ ಹೊತ್ತಿಗೆ ಮಾತು ನಿಲ್ಲಿಸಿದಳು. ತಿರುಗಿ ನೋಡಿದರೆ ಅವಳ ಬೆರಳುಗಳು ಮೊಣಕಾಲಿನ ಮೇಲೆ ಗುಮಟೆಯ ಪೆಟ್ಟು ಹಾಕುತ್ತಿದ್ದವು.