ನಲವತ್ತರಲ್ಲಿದ್ದೆ ಅಷ್ಟೇ: ರೇಸ್ ಟ್ರ್ಯಾಕಿನಲ್ಲಿ ಒಂದು ದಿನ, ಒಂದು ತಿರುವಿನ ಲೆಕ್ಕ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಗುಂಪಿನ ಒಬ್ಬ ಗೆಳೆಯ ಕಾಲೇಜಿನ ಹಿಂದಿನ ಗೇಟಿನ ತಿರುವಿನಲ್ಲಿ ಬೈಕಿನಿಂದ ಬಿದ್ದ. ಬಲಗೈ ಮಣಿಕಟ್ಟು ಮುರಿಯಿತು, ಒಳಗೆ ಪ್ಲೇಟ್ ಹಾಕಿದರು, ಎರಡು ಇಂಟರ್ನಲ್ಸ್ ತಪ್ಪಿಹೋದವು. ಆಸ್ಪತ್ರೆಯಲ್ಲಿ ಅವನು ಹೇಳಿದ್ದು ಒಂದೇ ಮಾತು: "ನಲವತ್ತರಲ್ಲಿದ್ದೆ ಕಣ್ರೋ, ಅಷ್ಟೇ." ಮನೆಯವರು ಓವರ್ ಸ್ಪೀಡು ಅಂದರು. ಹಾಸ್ಟೆಲಿನವರು ಬ್ಯಾಡ್ ಲಕ್ಕು ಅಂದರು. ನಿಜ ಹೇಳಬೇಕೆಂದರೆ ನಾವೂ ಅವನನ್ನು ನಂಬಲಿಲ್ಲ.

ಈ ಲೇಖನ ಒಂದು ರೇಸ್ ಟ್ರ್ಯಾಕಿನ ಬಗ್ಗೆ. ಆದರೆ ಆ ತಿರುವಿನಲ್ಲಿ ಏನಾಯ್ತು ಅಂತ ನಮಗೆ ತಿಳಿದದ್ದು ಟ್ರ್ಯಾಕಿಗೆ ಹೋಗಿ ಬಂದ ಮೇಲೆ. ಅದಕ್ಕೇ ಇಲ್ಲಿಂದ ಶುರು ಮಾಡಿದ್ದೇವೆ.

ಹೋದದ್ದು ಎಲ್ಲಿಗೆ?

ಚೆನ್ನೈ ಊರೊಳಗೆ ಹೋಗುವ ಮೊದಲೇ, ಬೆಂಗಳೂರು ಹೆದ್ದಾರಿಯಲ್ಲಿ ಶ್ರೀಪೆರಂಬದೂರು ಸಿಗುತ್ತದೆ. ಅದರ ಹತ್ತಿರ ಇರುಂಗಾಟ್ಟುಕೋಟೈ ಎಂಬ ಊರು. ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್ ಇರುವುದು ಅಲ್ಲೇ. ಈಗ ಅದರ ಹೆಸರು ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಹಳಬರು ಇನ್ನೂ ಎಂಎಂಆರ್‌ಟಿ ಅಂತಲೇ ಕರೆಯುತ್ತಾರೆ.

ಇದರ ಹಿಂದಿನ ಕಥೆ ಚೆನ್ನಾಗಿದೆ. 1953ರಲ್ಲಿ ಶುರುವಾದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನವರು ಮೊದಲು ರೇಸ್ ನಡೆಸುತ್ತಿದ್ದದ್ದು ಶೋಳಾವರಂ ಎಂಬಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನ ಓಡುದಾರಿಯ ಮೇಲೆ. ಆಮೇಲೆ ಕ್ಲಬ್ ತನ್ನದೇ ಟ್ರ್ಯಾಕ್ ಕಟ್ಟಿತು. 1990ರಲ್ಲಿ ಅದು ತೆರೆಯಿತು. ಉದ್ದ 3.717 ಕಿಲೋಮೀಟರ್, 12 ತಿರುವು. ತಿರುವುಗಳಿಗೆ ದೊಡ್ಡ ದೊಡ್ಡ ಹೆಸರೇನೂ ಇಲ್ಲ. ಸಿ-1, ಸಿ-2 ಅಂತ ನಂಬರ್ ಅಷ್ಟೇ.

ರಾತ್ರಿ ಒಂದು ಟಿಟಿ ಬಾಡಿಗೆಗೆ ಹಿಡಿದು ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಬೆಳಿಗ್ಗೆ ಮುಟ್ಟಿದೆವು. ಬಿದ್ದಿದ್ದ ಗೆಳೆಯನೂ ಜೊತೆಗಿದ್ದ. ಅವತ್ತು ಅಲ್ಲಿ ಬೈಕ್ ರೇಸ್ ಇತ್ತು. ಬಿಸಿಲು ಎಂಟು ಗಂಟೆಗೇ ಚುರುಗುಟ್ಟುತ್ತಿತ್ತು.

ಪಾಠ 1: ವೇಗ ಹುಟ್ಟುವುದು ತಿರುವಿನಲ್ಲಿ

ಟಿವಿಯಲ್ಲಿ ನೋಡುವಾಗ ರೇಸ್ ಅಂದರೆ ಥ್ರಾಟಲ್ ತಿರುಗಿಸೋದು ಅನ್ನಿಸುತ್ತೆ. ಅಲ್ಲಿ ನಿಂತು ನೋಡಿದರೆ ನೇರ ದಾರಿಯಲ್ಲಿ ಎಲ್ಲರೂ ಹೆಚ್ಚುಕಡಿಮೆ ಒಂದೇ. ಒಂದೇ ಮಾದರಿಯ ಬೈಕುಗಳು, ಒಂದೇ ಎಂಜಿನ್. ವ್ಯತ್ಯಾಸ ಆಗೋದು ತಿರುವಿನಲ್ಲಿ.

ಫಸ್ಟ್ ಸೆಮ್ ಮೆಕ್ಯಾನಿಕ್ಸ್ ನೆನಪು ಮಾಡಿಕೊಳ್ಳಿ. ತಿರುವಿನಲ್ಲಿ ಹೋಗಬಹುದಾದ ಗರಿಷ್ಠ ವೇಗ = ಘರ್ಷಣಾಂಕ, ಗುರುತ್ವ ಮತ್ತು ತ್ರಿಜ್ಯ ಈ ಮೂರರ ಗುಣಲಬ್ಧದ ವರ್ಗಮೂಲ. ಬೈಕಿನ ತೂಕ ಈ ಸೂತ್ರದಲ್ಲಿ ಇಲ್ಲವೇ ಇಲ್ಲ. ಒಣ ಡಾಂಬರಿನ ಘರ್ಷಣಾಂಕ 0.8 ಅಂತ ಇಟ್ಟುಕೊಳ್ಳೋಣ. 20 ಮೀಟರ್ ತ್ರಿಜ್ಯದ ಹಾದಿಯಲ್ಲಿ ಹೋದರೆ ಗಂಟೆಗೆ 45 ಕಿ.ಮೀ. ತನಕ ಹೋಗಬಹುದು. ಅದೇ ತಿರುವನ್ನು ಹೊರ ಅಂಚಿನಿಂದ ಒಳಗೆ ಬಂದು ಮತ್ತೆ ಹೊರ ಅಂಚಿಗೆ ಹೋಗುವ ಹಾಗೆ ಅಗಲವಾಗಿ ತೆಗೆದುಕೊಂಡು, ತ್ರಿಜ್ಯವನ್ನು 45 ಮೀಟರ್ ಮಾಡಿಕೊಂಡರೆ? ಸುಮಾರು 68 ಕಿ.ಮೀ. ಎಂಜಿನ್ ಮುಟ್ಟಲಿಲ್ಲ, ಟೈರ್ ಬದಲಿಸಲಿಲ್ಲ. ಹಾದಿ ಬದಲಿಸಿದ್ದು ಅಷ್ಟೇ. ರೇಸಿಂಗ್ ಲೈನ್ ಅನ್ನೋದು ಇದೇ.

ಇನ್ನೊಂದು ವಿಷಯ. ಜಾಣ ಸವಾರರು ತಿರುವಿಗೆ ಬರುವಾಗ ನಿಧಾನ, ಹೊರಡುವಾಗ ಜೋರು. ತಿರುವಿನ ಕೊನೆಯಲ್ಲಿ ಗಳಿಸಿದ ವೇಗ ಮುಂದಿನ ನೇರ ದಾರಿಯುದ್ದಕ್ಕೂ ಜೊತೆಗೆ ಬರುತ್ತೆ. ಆತುರಪಟ್ಟು ನುಗ್ಗಿದವರು ಅಗಲಕ್ಕೆ ಜಾರಿ, ಥ್ರಾಟಲ್ ಬಿಟ್ಟು, ಮುಂದೆ ಪೂರ್ತಿ ಹಿಂದೆ ಬೀಳುತ್ತಿದ್ದರು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಇದನ್ನು ಎಷ್ಟು ಸಲ ನೋಡಿದೆವೋ ಲೆಕ್ಕ ಇಲ್ಲ.

ಪಾಠ 2: ಬ್ರೇಕು ಮತ್ತು ತೂಕ

ಪ್ಯಾಡಕ್ಕಿನಲ್ಲಿ ಒಬ್ಬ ಮೆಕ್ಯಾನಿಕ್ ನಮ್ಮ ಮಾತು ಕೇಳಿ, "ಏನ್ರಪ್ಪಾ, ಬೆಂಗಳೂರಿನವರಾ?" ಅಂದರು. ಅವರೂ ಬೆಂಗಳೂರಿನ ಕಡೆಯವರೇ. ಆಗಷ್ಟೇ ಒಳಗೆ ಬಂದ ಬೈಕಿನ ಟೈರ್ ತೋರಿಸಿ, "ಮುಟ್ಟಿ ನೋಡಿ" ಅಂದರು. ರಬ್ಬರ್ ಬಿಸಿಯಾಗಿ ಬೆರಳಿಗೆ ಅಂಟುತ್ತಿತ್ತು. "ತಣ್ಣಗಿರೋ ಟೈರು ಇಷ್ಟು ಹಿಡಿಯಲ್ಲ. ಮೊದಲನೇ ಸುತ್ತಲ್ಲೇ ಹೀರೋ ಆಗೋಕೆ ಹೋದವರು ಅಲ್ಲೇ ಮಲಗ್ತಾರೆ."

ನಾವು ಒಂದು ಪ್ರಶ್ನೆ ಕೇಳಿದೆವು: "ಅಣ್ಣಾ, ಮುಂದಿನ ಬ್ರೇಕ್ ಹಿಡಿದರೆ ಬೀಳ್ತೀವಿ ಅಂತಾರಲ್ಲ?" ಅವರು ನಕ್ಕು, "ಹಿಂದಿನ ಬ್ರೇಕ್ ಒಂದನ್ನೇ ನಂಬಿದರೆ ನಿಲ್ಲೋದೇ ಇಲ್ಲ" ಅಂದರು.

ವಾಪಸ್ ಬಂದು ಲೆಕ್ಕ ಹಾಕಿದೆವು. ಬೈಕು ಮತ್ತು ಸವಾರ ಸೇರಿ 200 ಕೆ.ಜಿ., ನಿಂತಾಗ ಎರಡೂ ಚಕ್ರದ ಮೇಲೆ ನೂರು ನೂರು. ಗುರುತ್ವ ಕೇಂದ್ರದ ಎತ್ತರ 0.6 ಮೀಟರ್, ಎರಡು ಚಕ್ರಗಳ ನಡುವಿನ ಅಂತರ 1.35 ಮೀಟರ್. 0.8 ಜಿ ಬ್ರೇಕ್ ಹಾಕಿದಾಗ ಸುಮಾರು 71 ಕೆ.ಜಿ.ಯಷ್ಟು ಭಾರ ಹಿಂದಿನಿಂದ ಮುಂದಕ್ಕೆ ಹೋಗುತ್ತದೆ. ಮುಂದೆ 171, ಹಿಂದೆ ಬರೀ 29. ಇಷ್ಟು ಹಗುರವಾದ ಹಿಂದಿನ ಚಕ್ರಕ್ಕೆ ಜೋರಾಗಿ ಬ್ರೇಕ್ ಒತ್ತಿದರೆ ಅದು ಲಾಕ್ ಆಗದೆ ಇನ್ನೇನಾಗುತ್ತೆ?

ದೂರದ ಲೆಕ್ಕ ಇನ್ನೂ ಭಯ ಹುಟ್ಟಿಸುತ್ತೆ. 60ರಲ್ಲಿ ಬ್ರೇಕ್ ಹಿಡಿದರೆ ನಿಲ್ಲಲು ಸುಮಾರು 18 ಮೀಟರ್ ಬೇಕು. 120ರಲ್ಲಿ ಸುಮಾರು 71 ಮೀಟರ್. ವೇಗ ಎರಡು ಪಟ್ಟು, ದೂರ ನಾಲ್ಕು ಪಟ್ಟು. ಇದಕ್ಕೆ ನೋಡಿ ಬ್ರೇಕ್ ಹಿಡಿಯುವಷ್ಟರಲ್ಲಿ ಕಳೆಯುವ ಒಂದು ಸೆಕೆಂಡ್ ಸೇರಿಸಿ: 60ಕ್ಕೆ ಒಟ್ಟು 34 ಮೀಟರ್, 120ಕ್ಕೆ 104 ಮೀಟರ್.

ಪಾಠ 3: ಹತ್ತು ರೂಪಾಯಿ ಹಿಡಿತ

ನಮಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಇದು. ಟೈರಿನ ಹತ್ತಿರ ಹತ್ತು ರೂಪಾಯಿ ಹಿಡಿತ ಇದೆ ಅಂದುಕೊಳ್ಳಿ. ಅದನ್ನು ಬ್ರೇಕಿಗೂ ಖರ್ಚು ಮಾಡಬೇಕು, ತಿರುಗೋದಕ್ಕೂ ಖರ್ಚು ಮಾಡಬೇಕು. ಎರಡೂ ಒಂದಕ್ಕೊಂದು ಲಂಬ ದಿಕ್ಕಿನಲ್ಲಿರುವ ಬಲಗಳಾದ್ದರಿಂದ ಇಲ್ಲಿ ಪೈಥಾಗೊರಸ್ ಪ್ರಮೇಯ ಬರುತ್ತೆ. ತಿರುಗಲು 6 ಖರ್ಚಾದರೆ ಬ್ರೇಕಿಗೆ 8 ಉಳಿಯುತ್ತೆ. ತಿರುಗಲು 8 ಹೋದರೆ ಬ್ರೇಕಿಗೆ 6. ತಿರುಗಲಿಕ್ಕೇ ಹತ್ತೂ ಮುಗಿದಿದ್ದರೆ ಬ್ರೇಕ್ ಲಿವರ್ ಮುಟ್ಟಿದರೂ ಸಾಲವೇ! ಆ ಸಾಲವನ್ನು ರಸ್ತೆ ಕೊಡೋದಿಲ್ಲ.

ಅದಕ್ಕೇ ಸವಾರರು ಜೋರು ಬ್ರೇಕನ್ನು ಬೈಕು ನೆಟ್ಟಗಿರುವಾಗಲೇ ಮುಗಿಸುತ್ತಾರೆ. ಬೈಕು ವಾಲುತ್ತಾ ಹೋದ ಹಾಗೆ ಲಿವರನ್ನು ಮೆಲ್ಲಗೆ ಬಿಡುತ್ತಾರೆ. ಗ್ಯಾಲರಿಯಿಂದ ಇದನ್ನೇ ನೋಡುತ್ತಿದ್ದ ನಮ್ಮ ಗೆಳೆಯ ತುಂಬಾ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದ: "ನಾನು ವಾಲಿದ ಮೇಲೆ ಹಿಡಿದೆ ಕಣೋ. ಮರಳು ಕಾಣಿಸ್ತು, ಹಿಡಿದೆ."

ಮರಳಿನ ವಿಷಯ ಅವನು ನಮಗೆ ಹೇಳಿದ್ದು ಅದೇ ಮೊದಲು. ಅಥವಾ ನಾವು ಕೇಳಿದ್ದು ಅದೇ ಮೊದಲು.

ಪಾಠ 4: ಬಿದ್ದರೂ ಎದ್ದು ಬರುವ ಹಾಗೆ

ಮಧ್ಯಾಹ್ನ ನಮ್ಮ ಕಣ್ಣೆದುರೇ ಒಬ್ಬ ಸವಾರ ಬಿದ್ದ. ಜಾರಿಕೊಂಡು ಡಾಂಬರಿನಾಚೆಗೆ ಹೋದ. ಎದ್ದು, ಧೂಳು ಒದರಿ, ಬೈಕಿನತ್ತ ಓಡಿದ. ನಾವು ಉಸಿರು ಬಿಟ್ಟೆವು.

ಅದು ಅದೃಷ್ಟ ಅಲ್ಲ, ಡಿಸೈನ್. ಬಿದ್ದವನಿಗೆ ಜಾರಲು ಜಾಗ ಇತ್ತು. ಎದುರಿಗೆ ಕಂಬ, ಡಿವೈಡರ್, ಲಾರಿ ಯಾವುದೂ ಇರಲಿಲ್ಲ. ಚಲನಶಕ್ತಿ ಎಲ್ಲೋ ಒಂದು ಕಡೆ ಖರ್ಚಾಗಲೇಬೇಕು. ಹೆಚ್ಚು ದೂರದಲ್ಲಿ ಖರ್ಚಾದರೆ ಮೈ ಮೇಲೆ ಬೀಳುವ ಬಲ ಕಡಿಮೆ. ಜಲ್ಲಿ ಹಾಸು, ಟೈರ್ ಗೋಡೆ, ಲೆದರ್ ಸೂಟ್, ಎಲ್ಲದರ ಕೆಲಸವೂ ಇಷ್ಟೇ.

ಅವನು ಬಿದ್ದ ತಕ್ಷಣ ಮಾರ್ಷಲ್ ಹಳದಿ ಬಾವುಟ ಬೀಸಿದರು: ಮುಂದೆ ಅಪಾಯ, ಯಾರೂ ಓವರ್‌ಟೇಕ್ ಮಾಡಬೇಡಿ. ಕೆಂಪು ಬಂದರೆ ರೇಸ್ ನಿಲ್ಲುತ್ತೆ. ಹಳದಿಯ ಮೇಲೆ ಕೆಂಪು ಪಟ್ಟೆ ಇರುವ ಇನ್ನೊಂದು ಬಾವುಟ ಇದೆ. ಅದರ ಅರ್ಥ: ಮುಂದೆ ಹಾದಿ ಜಾರುತ್ತೆ, ಎಣ್ಣೆಯೋ ನೀರೋ ಬಿದ್ದಿದೆ. ಇಷ್ಟು ನುರಿತ ಸವಾರರಿಗೇ ಹಾದಿ ಜಾರುತ್ತೆ ಅಂತ ಹೇಳಲು ಒಬ್ಬ ಮನುಷ್ಯ ಬಿಸಿಲಲ್ಲಿ ಬಾವುಟ ಹಿಡಿದು ನಿಂತಿರುತ್ತಾನೆ. ನಮ್ಮ ಹಿಂದಿನ ಗೇಟಿನಲ್ಲಿ ಹೇಳೋಕೆ ಯಾರಿದ್ದಾರೆ?

ವಾಪಸ್ ಬಂದು ಅಳೆದದ್ದು

ಸೋಮವಾರ ಸಂಜೆ ಸಿವಿಲ್‌ನ ಗೆಳೆಯರಿಂದ ಟೇಪ್ ತಂದು ಆ ತಿರುವಿಗೆ ಹೋದೆವು. ರಸ್ತೆಯ ಅಂಚಿನ ಮೇಲೆ ಎರಡು ಬಿಂದು ಗುರುತಿಸಿ ನಡುವಿನ ನೇರ ದೂರ ಅಳೆದರೆ 20 ಮೀಟರ್. ಅದರ ಮಧ್ಯದಿಂದ ರಸ್ತೆಯಂಚಿಗೆ 2.5 ಮೀಟರ್. ತ್ರಿಜ್ಯ ತಿಳಿಯಲು 20ರ ವರ್ಗವನ್ನು 2.5ರ ಎಂಟರಷ್ಟರಿಂದ ಭಾಗಿಸಿ, 2.5ರ ಅರ್ಧ ಕೂಡಿಸಬೇಕು: 21.25 ಮೀಟರ್.

ಈಗ ಅವನ ನಲವತ್ತನ್ನು ಹಾಕಿ ನೋಡಿ. ಈ ತ್ರಿಜ್ಯದಲ್ಲಿ 40 ಕಿ.ಮೀ. ವೇಗಕ್ಕೆ ಬೇಕಾದ ಘರ್ಷಣಾಂಕ ಸುಮಾರು 0.6. ಒಣ ಡಾಂಬರ್ ಕೊಡುವುದು 0.8. ಅಂದರೆ ಸಲೀಸಾಗಿ ಹೋಗಬೇಕಿತ್ತು, ಹಿಂದೆ ನೂರು ಸಲ ಹೋಗಿಯೂ ಇದ್ದ. ಆದರೆ ಡಾಂಬರಿನ ಮೇಲೆ ಸಡಿಲ ಮರಳಿದ್ದರೆ? 0.3 ಅಂತ ಅಂದಾಜು ಮಾಡಿದೆವು. ಬೇಕಾದದ್ದರಲ್ಲಿ ಅರ್ಧ. ಬ್ರೇಕ್ ಮುಟ್ಟದೇ ಇದ್ದರೂ ಆ ಮರಳಿನಲ್ಲಿ 28 ಕಿ.ಮೀ. ಮೇಲೆ ಆ ತಿರುವು ದಾಟಲು ಆಗೋದಿಲ್ಲ. ಅವನು ಬ್ರೇಕನ್ನೂ ಹಿಡಿದಿದ್ದ.

ಅಂದರೆ ಅವನು ಸುಳ್ಳು ಹೇಳಿರಲಿಲ್ಲ. ನಲವತ್ತರಲ್ಲೇ ಇದ್ದ, ನಲವತ್ತು ಅವತ್ತು ಜಾಸ್ತಿಯೇ ಆಗಿತ್ತು. ಎರಡೂ ನಿಜ. ಲೆಕ್ಕ ನೋಡಿ ಅವನು, "ಇದನ್ನ ಅಪ್ಪಂಗೆ ವಾಟ್ಸಾಪ್ ಮಾಡ್ರೋ" ಅಂದ. ಮಾಡಿದೆವು.

ಅವತ್ತೇ ಪೊರಕೆ ತಂದು ಗುಡಿಸಿದೆವು. ಪಕ್ಕದ ಕಟ್ಟಡದ ಕೆಲಸ ನಡೆಯುತ್ತಿರುವುದರಿಂದ ನಾಲ್ಕೇ ದಿನದಲ್ಲಿ ಮರಳು ಮತ್ತೆ ಬಂತು. ಈಗ ಒಂದು ಪುಟದ ಲೆಕ್ಕದ ಜೊತೆಗೆ ಅರ್ಜಿ ಕೊಟ್ಟಿದ್ದೇವೆ: ದಿನಾ ಗುಡಿಸಬೇಕು, 20ರ ಮಿತಿಯ ಬೋರ್ಡ್ ಹಾಕಬೇಕು ಅಂತ.

ಬೋರ್ಡ್ ಬರುವ ತನಕ ಆ ತಿರುವಿಗೆ ಬರುವ ಮೊದಲೇ, ಬೈಕು ನೆಟ್ಟಗಿರುವಾಗಲೇ ಬ್ರೇಕ್ ಮುಗಿಸಿ. ಮರಳು ಕಂಡರೆ ಇಪ್ಪತ್ತರ ಒಳಗೆ ಹೋಗಿ. ಕೆಲವರು ಸಂಜೆ ಅದನ್ನೇ ರೇಸ್ ಟ್ರ್ಯಾಕ್ ಮಾಡಿಕೊಂಡಿದ್ದಾರೆ; ಅವರಿಗೆ ನಮ್ಮದೊಂದು ಮಾತು: ಟ್ರ್ಯಾಕಿಗೇ ಹೋಗಿ ಬನ್ನಿ. ಅಲ್ಲಿ ಜಾರಲು ಜಾಗ ಇದೆ, ಬಾವುಟ ಹಿಡಿದವರು ಇದ್ದಾರೆ. ಇಲ್ಲಿ ಎದುರಿಗೆ ಕ್ಯಾಂಟೀನಿಗೆ ಹಾಲು ತರುವ ವ್ಯಾನ್ ಇರುತ್ತೆ.